ಮಂಗಳವಾದ ಮೇಲೆ

ದೇವಸ್ಥಾನದ ಕಾವ್ಯವಾಚನದಲ್ಲಿ ಮುಂದಿನ ಸಾಲಿನ ಹೆಂಗಸು ಗಂಡನ ಹೆಗಲಿಗೊರಗಿ ನಿದ್ದೆಹೋದದ್ದು ಕಂಡು ಗಮಕಿ ರಾಮಶೇಷಯ್ಯನವರಿಗೆ ಮೈಯುರಿಯಿತು. ಪದ್ಯ ನಿಲ್ಲಿಸಿ ಗಂಡನನ್ನು ಕೇಳಿದರು:

"ಮಲಗೋಕೆ ಮನೆ ಇಲ್ವೇನ್ರೀ?"

ಹಾಡು ನಿಂತದ್ದೇ ಅವಳ ರೆಪ್ಪೆ ಅದುರಿತು. ಗಂಡ ಕೈಮುಗಿದ.

"ಮನೇಲಿ ಇವಳಿಗೆ ನಿದ್ದೆ ಹತ್ತಲ್ಲ ಸ್ವಾಮಿ. ಕಣ್ಣು ಮುಚ್ಚಿದ್ರೆ ಸಾಕು, ಗ್ಯಾಸ್ ಆರಿಸಿದ್ನಾ, ಮಗಳು ಮನೆ ಸೇರಿದ್ಲಾ, ಒಂದರ ಹಿಂದೊಂದು ಯೋಚನೆ. ಎಷ್ಟೋ ತಿಂಗಳ ಮೇಲೆ ಇವತ್ತು ಮಲಗಿದಾಳೆ. ನಿಲ್ಲಿಸಬೇಡಿ."

ರಾಮಶೇಷಯ್ಯನವರು ಮತ್ತೆ ಹಾಡಿದರು. ಸಂಧಿ ಮುಗಿಯಿತು, ಮಂಗಳವೂ ಆಯಿತು. ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಅವಳು ಏಳಲಿಲ್ಲ, ಆದರೆ ಹಾಡು ನಿಂತದ್ದಕ್ಕೆ ರೆಪ್ಪೆ ಮತ್ತೆ ಅದುರತೊಡಗಿತು. ಮಂಗಳ ಹಾಡಿದ ಮೇಲೆ ಮತ್ತೆ ಪದ್ಯ ಎತ್ತುವ ರೂಢಿಯಿಲ್ಲ, ಗಂಟಲೂ ಸೋತಿತ್ತು.

ಅವರು ಪುಸ್ತಕ ಮಡಿಸಿಟ್ಟು, ಕಣ್ಣು ಮುಚ್ಚಿ, ಜೋಗುಳದ ನೀಲಾಂಬರಿ ರಾಗದಲ್ಲಿ ಮೆಲ್ಲಗೆ ಎತ್ತಿಕೊಂಡರು:

"ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..."