ಐವತ್ತೈದಕ್ಕೆ ಕಿತ್ತ ಪ್ಲಗ್ಗು

ಡ್ರೈವರಕ್ಕ ಚಾರ್ಜಿಂಗ್ ಸ್ಟೇಷನ್ನಿನೊಳಗೆ ಕಾರು ತಿರುಗಿಸಿದಾಗ ಅವಳ ಮೈದುನ ಆಗಲೇ ತನ್ನ ಕಾರಿಗೆ ಪ್ಲಗ್ಗು ಚುಚ್ಚಿ, ಬಾಗಿಲಿಗೆ ಒರಗಿಕೊಂಡು ಟೀ ಕುಡಿಯುತ್ತಿದ್ದ. ಅವನದು ಈ ವರ್ಷದ ಮಾಡೆಲ್. ಅವಳದೂ ಅದೇ ಕಂಪನಿಯ ಅದೇ ಹೆಸರಿನ ಕಾರು, ಆದರೆ ನಾಲ್ಕು ವರ್ಷ ಹಿಂದಿನದು. ಇಬ್ಬರ ಡಿಕ್ಕಿಯಲ್ಲೂ ಐಸು ತುಂಬಿದ ಒಂದೊಂದು ಪೆಟ್ಟಿಗೆ. ಒಳಗೆ ರೋಗಿಗಳ ರಕ್ತದ ಸ್ಯಾಂಪಲ್ಲು. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ಗೇಟಿನಿಂದ ಇಬ್ಬರೂ ಒಟ್ಟಿಗೇ ಹೊರಟಿದ್ದರು. ಮುನ್ನೂರ ಅರವತ್ತು ಕಿಲೋಮೀಟರ್ ಆಚೆಯ ದೊಡ್ಡ ಲ್ಯಾಬಿಗೆ ಯಾರ ಪೆಟ್ಟಿಗೆ ಮೊದಲು ಮುಟ್ಟುತ್ತದೋ, ಈ ದಾರಿಯ ಕೆಲಸ ಇನ್ನು ಮುಂದೆ ಅವರದು. ನಾಲ್ಕು ವರ್ಷದಿಂದ ಅದು ಅವಳದಾಗಿತ್ತು.

"ಬನ್ನಿ ಅತ್ತಿಗೆ, ಬನ್ನಿ! ನಾನು ಬಂದು ಕಾಲು ಗಂಟೆ ಆಯ್ತು. ದಾರೀಲಿ ಎಲ್ಲಾದ್ರೂ ಇಳಿದು ತಳ್ತಾ ಇದ್ರೇನೋ ಅಂದ್ಕೊಂಡೆ."

"ತಳ್ಳೋ ಹಾಗಿದ್ರೆ ನಿನಗೇ ಫೋನ್ ಮಾಡ್ತಿದ್ದೆ. ಇನ್ಯಾರಿದಾರೆ ನನಗೆ?" ಎಂದು ಅವಳು ಪಕ್ಕದ ಚಾರ್ಜರಿನ ಪ್ಲಗ್ಗು ಎಳೆದು ತನ್ನ ಕಾರಿಗೆ ಚುಚ್ಚಿದಳು. ಪರದೆಯಲ್ಲಿ ಹನ್ನೆರಡು ಪರ್ಸೆಂಟ್ ಮೂಡಿತು. ಅವನದರಲ್ಲಿ ಎಪ್ಪತ್ತೆರಡು.

ಮೈದುನ ಬೆರಳು ಮಡಚಲು ಶುರುಮಾಡಿದ. ಆಸ್ಪತ್ರೆಯಲ್ಲಿ ಮೇಲ್ವಿಚಾರಕಿಯ ಮುಂದೆ ಒಪ್ಪಿಸಿದ್ದ ಪಾಠವನ್ನೇ ಮತ್ತೆ ಒಪ್ಪಿಸಿದ. ಹೊಸದರಲ್ಲಿ ಪವರು ಒಂದೂವರೆ ಪಟ್ಟು. ಒಂದು ಸಲ ತುಂಬಿದರೆ ಹಳೆಯದು ಓಡುವುದು ಇನ್ನೂರ ಅರವತ್ತು ಕಿಲೋಮೀಟರ್, ಹೊಸದು ಇನ್ನೂ ನೂರು ಹೆಚ್ಚು. ಚಾರ್ಜಾಗುವ ವೇಗವೂ ಜಾಸ್ತಿ. ಅವನು ಹೇಳಿದ ಒಂದೊಂದು ಅಂಕಿಯೂ ನಿಜ. ಬೆಳಿಗ್ಗೆ ಏರಿನಲ್ಲಿ ಅವನ ಕಾರು ಅವಳನ್ನು ದಾಟಿಕೊಂಡು ಹೋದ ರಭಸಕ್ಕೆ ಅವಳ ಕಿಟಕಿಯ ಗಾಜು ನಡುಗಿತ್ತು.

ಅವಳು ಮುಖ ತೊಳೆದು, ಡಿಕ್ಕಿ ತೆಗೆದು ಐಸು ಕರಗಿಲ್ಲ ತಾನೇ ಎಂದು ನೋಡಿ, ಚಕ್ರಗಳನ್ನು ಒಮ್ಮೆ ಒತ್ತಿ ಬಂದಳು. ಇಪ್ಪತ್ತೈದು ನಿಮಿಷವಾಗಿತ್ತು. ಪರದೆಯಲ್ಲಿ ಐವತ್ತೈದು. ಅವಳು ಪ್ಲಗ್ಗು ಕಿತ್ತಳು.

"ಅಯ್ಯೋ, ಇಷ್ಟಕ್ಕೇನಾ?" ಮೈದುನ ನೆಟ್ಟಗಾದ. "ಇನ್ನೂ ನೂರ ಮೂವತ್ತು ಕಿಲೋಮೀಟರ್ ಇದೆ. ಗುಡ್ಡದ ಮೇಲೆ ನಿಂತ್ಕೊಂಡ್ರೆ?"

"ನಿಂತ್ಕೊಂಡ್ರೆ ನೀನು ಬರ್ತಿಯಲ್ಲ, ಪೆಟ್ಟಿಗೆ ಎತ್ಕೊಂಡು ಹೋಗು. ನಿನ್ನದು ಎಷ್ಟಾಯ್ತು?"

"ತೊಂಬತ್ತೊಂದು. ಫುಲ್ ಆದ ಮೇಲೇ ನಾನು ಹೊರಡೋದು."

ಇಪ್ಪತ್ತು ವರ್ಷ ಲಾರಿ ಓಡಿಸಿದವನು ಅವನು. ಟ್ಯಾಂಕು ಕಂಠದವರೆಗೆ ತುಂಬದೆ ಬಂಕಿನಿಂದ ಗಾಡಿ ತೆಗೆದದ್ದೇ ಇಲ್ಲ. ಡೀಸೆಲ್ಲಾದರೆ ಮೊದಲ ಲೀಟರೂ ಕೊನೆಯ ಲೀಟರೂ ಒಂದೇ ವೇಗದಲ್ಲಿ ಬೀಳುತ್ತದೆ. ಬ್ಯಾಟರಿ ಹಾಗಲ್ಲ. ಅರ್ಧದವರೆಗೆ ಬಾಯಾರಿದ ದನದಂತೆ ಗಟಗಟ ಕುಡಿಯುತ್ತದೆ. ಎಂಬತ್ತು ದಾಟಿತೋ, ಹೊಟ್ಟೆ ತುಂಬಿದ ಮಗುವಿನಂತೆ ಒಂದೊಂದು ತುತ್ತಿಗೂ ಸತಾಯಿಸುತ್ತದೆ. ಹೊಸ ಮಾಡೆಲ್ಲಿನಲ್ಲಿ ಎಲ್ಲವೂ ಬದಲಾಗಿತ್ತು, ಈ ಗುಣವೊಂದು ಬದಲಾಗಿರಲಿಲ್ಲ. ಮೊದಲ ವರ್ಷ ತಾನೂ ಹಾಗೆಯೇ ನೂರು ತುಂಬಲೆಂದು ಕಾದು ಕಾದು ಬೈಸಿಕೊಂಡಿದ್ದನ್ನು ನೆನೆದು ಡ್ರೈವರಕ್ಕ ಗಾಡಿ ತೆಗೆದಳು.

ಗುಡ್ಡ ಹತ್ತುವಾಗ ಅವಳು ಮತ್ತೆ ಮತ್ತೆ ಪರದೆ ನೋಡಿದಳು. ಐವತ್ತೈದು ಇದ್ದದ್ದು ನೋಡನೋಡುತ್ತಿದ್ದಂತೆ ಮೂವತ್ತೆರಡಕ್ಕೆ ಬಂತು. ಕನ್ನಡಿಯಲ್ಲಿ ಹೊಸ ಕಾರಿನ ಬಿಳಿ ಮುಖ ಇನ್ನೇನು ಕಾಣುತ್ತದೆ ಅನ್ನಿಸುತ್ತಿತ್ತು. ಕಾಣಲಿಲ್ಲ. ನೆತ್ತಿ ದಾಟಿ ಇಳಿಜಾರು ಶುರುವಾದದ್ದೇ ಅವಳು ಪೆಡಲಿನಿಂದ ಕಾಲು ತೆಗೆದಳು. ಉರುಳುವ ಚಕ್ರಗಳೇ ಬ್ಯಾಟರಿಗೆ ಚಾರ್ಜು ತುಂಬತೊಡಗಿದವು. ಮೂವತ್ತೆರಡು ಮೂವತ್ತಮೂರಾಯಿತು, ಮೂವತ್ನಾಲ್ಕಾಯಿತು. ಅವಳು ಸ್ಟಿಯರಿಂಗನ್ನು ಮೆಲ್ಲಗೆ ತಟ್ಟಿ, "ಭೇಷ್ ಮುದುಕಿ!" ಎಂದಳು.

ಲ್ಯಾಬಿನ ಕಿಟಕಿಯಲ್ಲಿ ಗುಮಾಸ್ತ ಅವಳ ಚೀಟಿಗೆ ಸೀಲು ಒತ್ತಿದಾಗ ಹನ್ನೊಂದು ಗಂಟೆ ಐದು ನಿಮಿಷ. ಅವಳು ಮೆಟ್ಟಿಲ ಮೇಲೆ ಕೂತು ಆಸ್ಪತ್ರೆಗೆ ಫೋನ್ ಮಾಡಿದಳು. ಮೇಲ್ವಿಚಾರಕಿ ಎರಡೆರಡು ಸಲ ಸಮಯ ಕೇಳಿ ಬರೆದುಕೊಂಡು, "ಹಾಗಾದ್ರೆ ನಾಳೆ ಬೆಳಿಗ್ಗೆ ಆರಕ್ಕೆ ನೀವೇ ಬಂದ್ಬಿಡಿ ಡ್ರೈವರಕ್ಕ," ಎಂದಳು. ಫೋನು ಇಟ್ಟ ಡ್ರೈವರಕ್ಕ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೂತಲ್ಲೇ ಎರಡೂ ಕಾಲು ಚಾಚಿ ಮಕ್ಕಳ ಹಾಗೆ ಕುಣಿಸಿದಳು.

ಮೈದುನ ಬಂದಾಗ ಹನ್ನೊಂದೂ ಇಪ್ಪತ್ತೆರಡು. ಪೆಟ್ಟಿಗೆ ಹಿಡಿದು ಓಡೋಡಿ ಬಂದವನು ಮೆಟ್ಟಿಲ ಮೇಲಿದ್ದ ಅವಳನ್ನು ಕಂಡು ನಿಂತುಬಿಟ್ಟ. "ನಿಮ್ಮದರಲ್ಲಿ ಎಷ್ಟು ಉಳಿದಿದೆ ಅತ್ತಿಗೆ?" ಎಂದ.

"ಒಂಬತ್ತು. ನಿನ್ನದರಲ್ಲಿ?"

"ಅರವತ್ತಾರು!" ಎಂದು ಎದೆಯುಬ್ಬಿಸಿದವನು, ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡಂತೆ ತಣ್ಣಗಾದ.

"ಕಾರು ಒಳ್ಳೇದೇ ಕಣೋ. ಅಲ್ಲಿ ಹತ್ತೇ ನಿಮಿಷ ನಿಂತು ಬಂದಿದ್ರೂ ನಾನು ಬರೋ ಹೊತ್ತಿಗೆ ನೀನು ಇಲ್ಲಿ ಗೊರಕೆ ಹೊಡೀತಿದ್ದೆ," ಎಂದು ಅವಳು ಎದ್ದು ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. "ಬಾ, ಸೀಲು ಹಾಕಿಸೋಣ. ಐಸು ಕರಗ್ತಿದೆ."

ಅವನು ಒಮ್ಮೆ ಹಿಂತಿರುಗಿ ನೋಡಿದ. ಹೊಸ ಕಾರಿನ ಪರದೆಯ ಮೇಲೆ, ಯಾರಿಗೂ ಬೇಡವಾದ ಅರವತ್ತಾರು ಹಸಿರಾಗಿ ಹೊಳೆಯುತ್ತಿತ್ತು.