ಹೊಗೆಯ ಪಾಲು

ಅಂಗಳದ ಗೋಡೆಯ ಮೀಟರಿನಲ್ಲಿ, ಸರ್ಕಾರ ಮನೆಗೆ ಕೊಟ್ಟ ಈ ವರ್ಷದ ಹೊಗೆಯ ಪಾಲು ಎರಡೇ ಗೆರೆ ಉಳಿದಿತ್ತು. ಅಪ್ಪನ ಹಳೇ ಡೀಸೆಲ್ ಕಾರಿಗಾಗಿ ಧರಣೇಂದ್ರ ಎಂಟು ತಿಂಗಳಿಂದ ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚಗೊಟ್ಟಿರಲಿಲ್ಲ. ಇಂಜೆಕ್ಟರುಗಳನ್ನು ತಾನೇ ಬಿಚ್ಚಿ, ತೊಳೆದು, ಕೂಡಿಸಿದ್ದ. ಇವತ್ತು ಇನ್‌ಸ್ಪೆಕ್ಟರ್ ಎದುರು ಚಾಲೂ ಆಗದಿದ್ದರೆ ಕಾರು ಗುಜರಿಗೆ ಹೋಗುತ್ತಿತ್ತು.

"ಕಾಯಿಲ್ ದೀಪ ಆರೂತನಕ ತಡಿಯೋ," ಎಂದಳು ಪಕ್ಕದ ಸೀಟಿನಲ್ಲಿದ್ದ ಅವ್ವ ಪದ್ಮವ್ವ. ತೀರಿಹೋದ ಗಂಡ ದಿನಾ ಚಾಲೂ ಮಾಡುವ ಮೊದಲು, ಇಂಜಿನ್ನಿನೊಳಗಿನ ಕಾಯಿಲ್ ಕಾದು ಆ ಕೆಂಪು ದೀಪ ಆರುವ ತನಕ ಅದನ್ನೇ ನೋಡುತ್ತ ಕೂರುತ್ತಿದ್ದ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದ. ಧರಣೇಂದ್ರ ತಡೆಯಲಾರದೆ ಕೀಲಿ ತಿರುವಿಯೇಬಿಟ್ಟ. ತಣ್ಣಗಿದ್ದ ಇಂಜಿನ್ ಕೆಮ್ಮಿ, ಬಿಳಿ ಹೊಗೆ ಕಾರಿ, ನಿಂತಿತು. ಮೀಟರು ಸೊನ್ನೆಗಿಳಿಯಿತು.

"ಮುಗೀತಲ್ರಿ," ಇನ್‌ಸ್ಪೆಕ್ಟರ್ ಗುಜರಿಯ ಸೀಲು ಹೊರತೆಗೆದ. "ಇನ್ನ ಉಳಿದದ್ದು ನಿಮ್ಮ ನಿಮ್ಮ ಚಿತಿಗೆ ಇಟ್ಟ ಹೊಗಿ ಅಷ್ಟ. ಅದು ಅವರವರ ಹೆಬ್ಬೆಟ್ಟಿಗೇ ಬಿಡೂದು."

ಪದ್ಮವ್ವ ಇಳಿದುಹೋಗಿ ಮೀಟರಿಗೆ ಹೆಬ್ಬೆಟ್ಟು ಒತ್ತಿದಳು. ಮುಳ್ಳು ಮೇಲೇರಿತು.

"ಅವ್ವಾ, ಬ್ಯಾಡ!"

"ನನ್ನ ಸುಡಬ್ಯಾಡ್ರಿ, ಮಣ್ಣಾಗ ಇಡ್ರಿ," ಎನ್ನುತ್ತ ಆಕೆ ಮತ್ತೆ ತನ್ನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. "ಈ ಸಲ ದೀಪ ಆರೂತನಕ ತಡಿ."