ಅದಲುಬದಲಾದ ಗಂಡಂದಿರು

"ಯಾರಮ್ಮಾ ಈ ಐತಪ್ಪ?" ಶನಿವಾರ ಬೆಳಿಗ್ಗೆ ಫೋನಿನಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಕಿಟ್ಟು ಮಾಮನ ದನಿ. "ಯುಗಾದಿ ಇನ್ವಿಟೇಷನ್ ನಮ್ಮಾತ್ತಿಗೇ, ನಮ್ಮನೆ ಅಡ್ರೆಸ್ಸಿಗೇ ಬಂದಿದೆ, ಸರಿ. ಮೇಲೆ 'ಶ್ರೀ ಐತಪ್ಪ ಮತ್ತು ಶ್ರೀಮತಿ ಜಯಲಕ್ಷ್ಮೀ' ಅಂತ ಇದೆ. ಜಯಲಕ್ಷ್ಮೀ ನನ್ನ ಹೆಂಡತಿ. ಇವರು ಯಾರು?"

ಮೌನ ಫೋನ್ ಕಿವಿಗಿಟ್ಟುಕೊಂಡೇ ಕಂಪ್ಯೂಟರ್ ತೆರೆದಳು. ಅಡ್ಯಾರಿನ ಅವಳ ಕಂಪನಿ ಡೇಟಾಬೇಸ್ ನಿಭಾಯಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಪರೀಕ್ಷೆಗೆಂದು ಡೇಟಾಬೇಸಿನ ನಕಲು ತೆಗೆದಾಗ ಯಾರ ಗುಟ್ಟೂ ಬಯಲಾಗದಂತೆ ಹೆಸರುಗಳನ್ನು ಅದಲುಬದಲು ಮಾಡುವುದು ಅದರ ಕೆಲಸಗಳಲ್ಲೊಂದು. ಸಂಘದ ಸದಸ್ಯರ ವಿವರಗಳನ್ನು ಕಂಪ್ಯೂಟರಿಗೆ ಹಾಕಿಕೊಟ್ಟವಳು ಮೌನಳೇ. ಕುತೂಹಲಕ್ಕೆ ಅದರ ನಕಲೊಂದನ್ನು ಮಾಡಿ, ಗಂಡಂದಿರ ಹೆಸರುಗಳನ್ನು ಕಲಸಿ ನೋಡಿದ್ದಳು. ಈಗ ನೋಡಿದರೆ, ಆಹ್ವಾನಪತ್ರಿಕೆಯ ಲೇಬಲ್‌ಗಳೆಲ್ಲ ಆ ನಕಲಿನಿಂದಲೇ ಅಚ್ಚಾಗಿದ್ದವು.

"ಮಾಮಾ, ನಿಮ್ಮ ಮನೇದು ಮಾತ್ರ ಅಲ್ಲ. ಎಲ್ಲರ ಗಂಡಂದಿರೂ ಹೀಗೇ ಆಗಿದ್ದಾರೆ."

"ಹಾಗಾದ್ರೆ ನಾನು ಎಲ್ಲಿದೀನಿ?"

ಮೌನ ಕಂಪ್ಯೂಟರ್ ನೋಡಿ ಮೆಲ್ಲಗೆ ಹೇಳಿದಳು. "ಪಲ್ಲಾವರಂನಲ್ಲಿ. ಲೀಲಮ್ಮನವರ ಜೊತೆ."

"ಅಯ್ಯೋ ಪೆರುಮಾಳೇ. ನಾಳೆ ಫಂಕ್ಷನ್‌ನಲ್ಲಿ ಮೈಕ್ ಮುಂದೆ ನಿಂತು ನೀನೇ ಸಾರಿ ಕೇಳು."

ಮರುದಿನ ಆಟೋದಲ್ಲಿ ಉದ್ದಕ್ಕೂ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡುತ್ತ ಬಂದ ಮೌನ ಸಭಾಂಗಣದ ಬಾಗಿಲಲ್ಲೇ ನಿಂತುಬಿಟ್ಟಳು. ಎಂದೂ ಅರ್ಧ ತುಂಬದ ಹಾಲ್‌ನಲ್ಲಿ ಅಂದು ಕಾಲಿಡಲು ಜಾಗವಿಲ್ಲ. ತಮ್ಮ ಜೋಡಿ ಯಾರೆಂದು ನೋಡಲು ಊರಿಗೆ ಊರೇ ಬಂದಿತ್ತು. ಕಾರ್ಡು ಹಿಡಿದ ಹೆಂಗಸರು ಸಾಲು ಸಾಲು ಹುಡುಕುತ್ತಿದ್ದರು, ಗಂಡಸರು ಮೀಸೆ ತೀಡಿ ಪರಿಚಯ ಹೇಳಿಕೊಳ್ಳುತ್ತಿದ್ದರು. ಮೌನ ಮೈಕಿನಲ್ಲಿ ಕೇಳಿದ ಕ್ಷಮೆ ಜನರ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಅವಳಿಗೂ ನಗು ತಡೆಯಲಾಗಲಿಲ್ಲ.

ಊಟಕ್ಕೆ ಜಯಲಕ್ಷ್ಮೀ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅಷ್ಟರಲ್ಲಿ ಒಬ್ಬ ಎತ್ತರದ ಆಸಾಮಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದು ಕೈಮುಗಿಯುವಂತೆ ಬಗ್ಗಿದ. "ನಾನು ಐತಪ್ಪ. ಕಾರ್ಡ್ ಪ್ರಕಾರ ಇವತ್ತು ನಿಮಗೆ ಬಡಿಸೋ ಡ್ಯೂಟಿ ನಂದು." ಹಿಂದೆ ನಿಂತಿದ್ದ ಅವನ ಹೆಂಡತಿ ಉಷಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಇನ್ನೊಂದು ಹಾಕಿ," ಎಂದರು ಜಯಲಕ್ಷ್ಮೀ, ಪಕ್ಕದ ಸಾಲಿಗೂ ಕೇಳುವಂತೆ. "ಮದುವೆ ಆದಾಗಿಂದ ನಾನೇ ಬಡಿಸಿದ್ದು. ನಂಗೆ ಯಾರೂ ಹೀಗೆ ಬಡಿಸಿಲ್ಲ."

ಪಕ್ಕದ ಸಾಲಿನಲ್ಲಿ ಕಿಟ್ಟು ಮಾಮ ಅರ್ಧ ಊಟಕ್ಕೇ ಎದ್ದರು. ಎಡಗೈಯಲ್ಲಿ ಪಂಚೆ ಎತ್ತಿಹಿಡಿದುಕೊಂಡೇ ಹೋಗಿ ಕೈತೊಳೆದು, ಅಡುಗೆಯವನ ಕೈಯಿಂದ ತುಪ್ಪದ ಗಿಂಡಿ ಕಿತ್ತುಕೊಂಡು, ಹೆಂಡತಿಯ ಎಲೆಯ ಮುಂದೆ ಬಂದು ನಿಂತು ಸುರಿಯತೊಡಗಿದರು. ಬಡಿಸಿ ಅಭ್ಯಾಸವಿಲ್ಲದ ಕೈ. ತುಪ್ಪ ಒಬ್ಬಟ್ಟನ್ನು ಮುಳುಗಿಸಿ, ಕೋಸಂಬರಿಯನ್ನು ದಾಟಿ, ಎಲೆಯ ತುದಿಯಿಂದ ಮೇಜಿಗೆ ಹರಿಯಿತು. ಜಯಲಕ್ಷ್ಮೀ ಗಂಡನ ಮುಖವನ್ನೇ ನೋಡುತ್ತ ಕೂತಿದ್ದರು. ಸಾಕು ಅನ್ನಲಿಲ್ಲ.